ಬಾಗಿಲು ಹಾಕಿದ ಕ್ಯಾಪ್ಟನ್

...ಅಥವಾ ಅದು ಆ ಭಾನುವಾರವೇ ಅಲ್ಲದಿರಬಹುದು. ಎರಡು ಭಾನುವಾರಗಳನ್ನು ನಾನೇ ಹೊಲಿದು ಒಂದು ಮಾಡಿಕೊಂಡಿರಬಹುದು. ಮೊನ್ನೆ ಕುಕ್ಕರಿನ ಹಬೆ ಮಣಿಕಟ್ಟಿಗೆ ಬಡಿಯಿತು. ಸುಟ್ಟಗಾಯಕ್ಕೆ ಹಚ್ಚುವ ಹಳದಿ ಮುಲಾಮಿನ ಟ್ಯೂಬು ಹಿಂಡಿದಾಗ ಬಂದ ವಾಸನೆಗೆ ಕೆಳಗಿನ ಮನೆಯ ಕಾಕಾ ನೆನಪಾದರು. ನೆನಪಾದರು ಎನ್ನುವುದೂ ಪೂರ್ತಿ ನಿಜವಲ್ಲ. ಮೊದಲು ಬಂದದ್ದು ಅವರ ಬಲಗೈ; ಅಂಗೈಗೆ ಸುತ್ತಿದ ಬ್ಯಾಂಡೇಜು, ಅದರ ಅಂಚಿನಲ್ಲಿ ಒಸರಿದ ಹಳದಿ. ಮುಖ ಆಮೇಲೆ ಬಂತು. ಆ ಮುಖಕ್ಕೆ ಕನ್ನಡಕ ಇತ್ತೋ ಇಲ್ಲವೋ, ಅಕ್ಕನನ್ನು ಕೇಳಬೇಕು.

ಆ ಭಾನುವಾರ ಕಾಕಾ ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟರು. ಸತ್ತ ಮನುಷ್ಯನೊಬ್ಬನ ಹೆಂಡತಿಗೆ ಒಂದು ಮಾತು ಹೇಳಬೇಕೋ ಬೇಡವೋ ಎಂಬ ಪ್ರಶ್ನೆ. ಅದು ನಾವು ಕೂಡಿ ನೋಡುತ್ತಿದ್ದ ಧಾರಾವಾಹಿಯದೆಂದುಕೊಂಡು ಉತ್ತರ ಕೊಟ್ಟೆವು. ಹಾಗೆಂದುಕೊಂಡಿದ್ದೆವು ಎಂದು ಈಗ ಬರೆಯುತ್ತಿದ್ದೇನೆ...

ಹುಬ್ಬಳ್ಳಿಯ ಆ ಮನೆಯ ಮಾಳಿಗೆಯ ಮೇಲೆ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾನು ಮತ್ತು ಅಕ್ಕ, ಇನ್ನೊಂದರಲ್ಲಿ ಬ್ಯಾಂಕಿನವರು. ಕೆಳಗೆ ಮಾಲೀಕರಾದ ಕಾಕಾ, ಕಾಕು. ಕಾಕಾ ತಾರಿಹಾಳದ ಒಂದು ಸಣ್ಣ ರಬ್ಬರ್ ಕಾರ್ಖಾನೆಯಲ್ಲಿ ಸೂಪರ್‌ವೈಜರ್ ಆಗಿದ್ದರು. ಭಾನುವಾರ ಊಟವಾದ ಮೇಲೆ ನಮ್ಮ ಹೊರಗಿನ ಖೋಲಿಯಲ್ಲಿ ಕಾಕಾ, ಬ್ಯಾಂಕಿನವರು, ಅಕ್ಕ, ನಾನು ನಾಲ್ವರೂ ಸೇರುತ್ತಿದ್ದೆವು. ಬ್ಯಾಂಕಿನವರು ಹಾರ್ಡ್ ಡಿಸ್ಕ್ ತರುತ್ತಿದ್ದರು. ಅದರಲ್ಲೊಂದು ಇಂಗ್ಲಿಷ್ ಧಾರಾವಾಹಿ. ದಾರಿ ತಪ್ಪಿದ ಬಾಹ್ಯಾಕಾಶದ ಹಡಗೊಂದು ಭೂಮಿಗೆ ಮರಳಲು ವರ್ಷಗಟ್ಟಲೆ ಒದ್ದಾಡುವ ಕತೆ. ಅರ್ಧ ದಾರಿಯಲ್ಲಿ ಮುದುಕ ಕ್ಯಾಪ್ಟನ್ ಸಾಯುತ್ತಾನೆ. ಅವನ ಕೈಕೆಳಗಿದ್ದ ಹೆಂಗಸು ಕುರ್ಚಿಗೆ ಬರುತ್ತಾಳೆ. ಬಂದ ಕೆಲವೇ ಕಂತುಗಳಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬೀಳುತ್ತದೆ. ಮೂವರು ಒಳಗಿರುವಾಗಲೇ ಆಕೆ ಬಾಗಿಲು ಹಾಕಿಸುತ್ತಾಳೆ. ಉಳಿದ ಹಡಗು ಉಳಿಯುತ್ತದೆ.

ಈ ಬಾಗಿಲನ್ನು ಹಿಡಿದುಕೊಂಡು ನಾವು ತಿಂಗಳುಗಟ್ಟಲೆ ಜಗಳಾಡಿದೆವು. ಜಗಳಕ್ಕೆ ನಿಯಮಗಳಿದ್ದವು. ಮನೆಯಲ್ಲಿದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಆ ವಾರದ ಕ್ಯಾಪ್ಟನ್ ಕೂರಬೇಕು, ಉಳಿದವರು ಚಾಪೆಯ ಮೇಲೆ. ಕ್ಯಾಪ್ಟನ್ ತೀರ್ಪು ಕೊಟ್ಟರೆ ಮಾತು ಮುಗಿಯಿತು. ಇನ್ನೊಂದು ನಿಯಮ ಅಕ್ಕನದು: ಆ ಖೋಲಿಯಲ್ಲಿ ಮನೆ, ನೌಕರಿಯ ಸುದ್ದಿ ಎತ್ತುವಂತಿಲ್ಲ. ಎತ್ತಿದವರು ಎಲ್ಲರಿಗೂ ಚಹಾ ಮಾಡಬೇಕು. ಹಡಗಿನ ಬಗ್ಗೆ ಮಾತ್ರ ಏನನ್ನೂ ಕಲ್ಪಿಸಿ ಕೇಳಬಹುದಿತ್ತು. ಅದನ್ನು ನಾವು ‘ಹಿಂಗಾದ್ರ’ ಎನ್ನುತ್ತಿದ್ದೆವು. ಒಳಗಿದ್ದವರಲ್ಲಿ ಆಕೆಯ ತಮ್ಮನೂ ಇದ್ದಿದ್ದರೆ? ಮುದುಕ ಬದುಕಿದ್ದಿದ್ದರೆ?

“ಕುರ್ಚಿ ಸಿಗೂತನಾ ಕುರಿಮರಿ ಇದ್ದಂಗ ಇದ್ಳು, ಸಿಕ್ಕ ಕೂಡ್ಲೆ ಹುಲಿ,” ಎಂದು ಬ್ಯಾಂಕಿನವರು ರೇಗುತ್ತಿದ್ದರು. “ಮನಷ್ಯಾ ಹಂಗ ಬದಲಾಗ್ತಾನೇನ್ರಿ? ಬರದಾಂವಗ ಬುದ್ಧಿಲ್ಲ.”

“ನೀವು ಮ್ಯಾನೇಜರ್ ಆದ ದಿನಾ ನೋಡೂಣಂತ ಸಾಹೇಬ್ರ, ಕುರಿನೋ ಹುಲಿನೋ,” ಎಂದಳು ಅಕ್ಕ.

“ಬ್ಯಾಂಕಿನ ಸುದ್ದಿ ತಗದ್ರಿ! ಏಳ್ರಿ, ಚಹಾ ಇಡ್ರಿ.”

ತನ್ನ ನಿಯಮಕ್ಕೆ ತಾನೇ ಸಿಕ್ಕ ಅಕ್ಕ ಬೈಯುತ್ತ ಎದ್ದದ್ದು, ಕಾಕಾ ಹೊಟ್ಟೆ ಹಿಡಿದು ನಕ್ಕದ್ದು ನೆನಪಿದೆ. ಆಗ ಕಾಕಾ ಮುದುಕ ಕ್ಯಾಪ್ಟನ್ನನ ಪಕ್ಷ. ಒಬ್ಬ ಹುಡುಗನನ್ನು ಹುಡುಕಲು ಇಡೀ ಹಡಗನ್ನು ತಿರುಗಿಸಿದವನು ಆ ಮುದುಕ. ಹೊಸ ಕ್ಯಾಪ್ಟನ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಬಾಗಲಾ ಹಾಕಾಕ ಕ್ಯಾಪ್ಟನ್ ಯಾಕ ಬೇಕವಾ? ಒಂದ್ ಕೀಲಿ ಸಾಕು,” ಎನ್ನುತ್ತಿದ್ದರು. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿದ್ದಿದ್ದರೆ ಒಳ್ಳೆಯದಿತ್ತು.

ಆಮೇಲೆ ಕಾರ್ಖಾನೆಯ ಗೋದಾಮಿಗೆ ಬೆಂಕಿ ಬಿತ್ತು. ಕಾಕಾನ ಪಾಳಿಯಲ್ಲಿ. ಗೋದಾಮಿಗೂ ಪಕ್ಕದ ಶೆಡ್ಡಿಗೂ ನಡುವೆ ಕಬ್ಬಿಣದ ಶಟರ್ ಇತ್ತು. ಕಾಕಾ ಅದನ್ನು ಕೈಯಿಂದಲೇ ಎಳೆದು ಕೆಳಗಿಳಿಸಿದರು. ಶೆಡ್ಡಿನಲ್ಲಿದ್ದವರೆಲ್ಲ ಉಳಿದರು. ಗೋದಾಮಿನಲ್ಲಿ ಒಬ್ಬ ಸತ್ತ. ಅಮ್ಮಿನಬಾವಿಯವನು, ದಿನಾ ಬಸ್ಸಿಗೆ ಬರುತ್ತಿದ್ದ ಕೆಲಸಗಾರ. ಶಟರ್ ಇಳಿಯುವ ಮೊದಲೇ ಹೊಗೆ ಕುಡಿದು ಆತನ ಎಚ್ಚರ ತಪ್ಪಿತ್ತು ಎಂದು ಕಾರ್ಖಾನೆಯವರು ಹೇಳಿದರು. ಪೇಪರಿನಲ್ಲಿ ಹಾಗೆಯೇ ಬಂತು. ಯಾರೂ ಕಾಕಾನತ್ತ ಬೆರಳು ತೋರಿಸಲಿಲ್ಲ. ಬದಲಾಗಿ ಶಾಲು ಹೊದಿಸಿ ಹಾರ ಹಾಕಿದರು. ಆ ಶಾಲನ್ನು ಕಾಕು ಅಂಗಳದ ತಂತಿಯ ಮೇಲೆ ಒಣಹಾಕಿದ್ದನ್ನು ಕಂಡಿದ್ದೇನೆ. ಯಾಕೆ ಒಗೆದರೋ... ಹೊಗೆಯ ವಾಸನೆ ಇತ್ತೆಂದು ನನ್ನ ನೆನಪು ಹೇಳುತ್ತದೆ. ಬೆಂಕಿಯಾದ ಎಷ್ಟೋ ದಿನಗಳ ಮೇಲೆ ಕೊಟ್ಟ ಹೊಸ ಶಾಲಿಗೆ ಹೊಗೆಯ ವಾಸನೆ ಎಲ್ಲಿಂದ ಬರಬೇಕು? ನನ್ನ ನೆನಪಿನ ಯೋಗ್ಯತೆ ಇಷ್ಟು.

ಕೆಲವು ವಾರ ಬಿಟ್ಟು ಕಾಕಾ ಮತ್ತೆ ಮೇಲೆ ಬಂದರು. ಬೆಂಕಿಯ ಸುದ್ದಿ ನಾವು ತೆಗೆಯಲಿಲ್ಲ. ಅದು ಸೌಜನ್ಯ ಎಂದುಕೊಂಡಿದ್ದೆವು. ನಿಯಮವೂ ಇತ್ತಲ್ಲ, ಅನುಕೂಲವಾಯಿತು. ಆ ದಿನ ಬೆತ್ತದ ಕುರ್ಚಿಯಲ್ಲಿ ಬ್ಯಾಂಕಿನವರು. ಕಂತು ಮುಗಿದ ಮೇಲೆ ಕಾಕಾ ಚಾಪೆಯ ಮೇಲಿಂದ ಎಡಗೈ ಎತ್ತಿದರು.

“ಕ್ಯಾಪ್ಟನ್ ಸಾಹೇಬ್ರ, ನಂದೊಂದು ಹಿಂಗಾದ್ರ ಐತ್ರಿ.”

“ಹೇಳ್ರಿ ಕಾಕಾ.”

“ಆಕಿ ಬಾಗಲಾ ಹಾಕಿಸಿದ್ಲು. ಹಾಕಿದ್ಮ್ಯಾಲ ಒಳಗಿಂದ ಬಡದ ಸಪ್ಪಳಾ ಬಂತು ಅಂತ ತಿಳೀರಿ. ಆಕಿ ಒಬ್ಬಾಕಿಗೇ ಕೇಳಿಸ್ತು. ಹಡಗು ಊರು ಮುಟ್ಟಿದ್ಮ್ಯಾಲ ಸತ್ತಾಂವನ ಹೇಂತಿಗೆ ಅದನ್ನ ಹೇಳಬೇಕೋ ಬ್ಯಾಡೋ?”

“ಹೇಳಬೇಕು,” ಎಂದಳು ಅಕ್ಕ ತಟ್ಟನೆ. “ಹೇಳಲಿಲ್ಲಂದ್ರ ಆಕಿ ಕ್ಯಾಪ್ಟನ್ ಅಲ್ಲ.”

ನಾನು ತಾಂತ್ರಿಕ ತಕರಾರು ತೆಗೆದೆ. ಅಂಥ ತಕರಾರುಗಳಿಗೆ ನಮ್ಮಲ್ಲಿ ಬಹಳ ಬೆಲೆ. “ಬೆಂಕಿ ಆರಿಸಾಕ ಆ ಖೋಲ್ಯಾಗಿನ ಗಾಳಿ ತಗದಿದ್ರಲ್ರಿ ಕಾಕಾ. ಗಾಳಿ ಇಲ್ದ ಸಪ್ಪಳಾ ಹೆಂಗ ಕೇಳತೈತಿ?”

ಕಾಕಾ ನನ್ನ ಕಡೆ ನೋಡಿದರು.

“ಕಬ್ಬಿಣದಾಗ ಕೇಳತೈತೋ ತಮ್ಮಾ,” ಎಂದರು. “ಕೈಗೆ ಕೇಳತೈತಿ.”

“ಭಾರಿ ಪಾಯಿಂಟ್ ಹಿಡದ್ರಿ ಕಾಕಾ!” ಎಂದು ಬ್ಯಾಂಕಿನವರು ತೊಡೆ ತಟ್ಟಿದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗಾಗಿ, ಕ್ಯಾಪ್ಟನ್ನಿನ ಗತ್ತಿನಲ್ಲಿ ತೀರ್ಪು ಕೊಟ್ಟರು: “ಹೇಳಬಾರದು. ಹೇಳಿದ್ರ ಕ್ಯಾಪ್ಟನ್ ಎದಿ ಹಗರಾಕ್ಕೈತಿ, ಅಷ್ಟ. ಆ ಹೆಣ್ಣಮಗಳು ಸಾಯೂತನಾ ಆ ಸಪ್ಪಳಾ ಕೇಳ್ಕೋತ ಕುಂದರಬೇಕೇನು? ಮುಗೀತು.”

ಕಾಕಾ “ಮುಗೀತು” ಎಂದರು. ನನ್ನ ನೆನಪಿನಲ್ಲಿ, ಆಮೇಲೆ ಅವರು ಎದ್ದು ಒಳಗೆ ಹೋಗಿ, ಯಾರೂ ಹೇಳದೆಯೇ ನಾಲ್ವರಿಗೂ ಚಹಾ ಮಾಡಿ ತಂದರು.

ನನ್ನ ಇಡೀ ಕತೆ ನಿಂತಿರುವುದು ಈ ಚಹಾದ ಮೇಲೆ. ಕಾಕಾ ಚಹಾ ಮಾಡಿದ್ದು ನಿಜವಾದರೆ ಅದು ದಂಡ. ತಾವು ಎತ್ತಿದ್ದು ನೌಕರಿಯ ಸುದ್ದಿಯೆಂದು ಅವರೇ ಒಪ್ಪಿಕೊಂಡಂತೆ. ಆದರೆ ಅಕ್ಕ ಫೋನಿನಲ್ಲಿ ಖಡಾಖಂಡಿತ ಹೇಳುತ್ತಾಳೆ: “ಕೈ ಸುಟ್ಟಿತ್ತೋ ಅವರದು, ಪಾತೇಲಿ ಹೆಂಗ ಎತ್ತತಾರ? ಚಹಾ ಮಾಡಿದಾಕಿ ನಾನು.” ಬ್ಯಾಂಕಿನವರಿಗೆ ವರ್ಗವಾಗಿ ಎಷ್ಟೋ ವರ್ಷವಾಯಿತು. ಅವರನ್ನು ಕೇಳಿದೆ. ಅವರಿಗೆ ಹಡಗಿನ ಹೆಸರು ನೆನಪಿತ್ತು, ಸತ್ತ ಮೂವರ ಹೆಸರು, ಹುದ್ದೆ ನೆನಪಿತ್ತು. ಕಾಕಾ ಕೇಳಿದ ಪ್ರಶ್ನೆ ನೆನಪಿರಲಿಲ್ಲ. “ಹಂಗ ಕೇಳಿದ್ರೇನ್ರಿ? ಛಲೋ ಕೇಳ್ಯಾರಲ್ಲ!” ಎಂದರು.

ಅದಾದ ಮೇಲೂ ಒಂದೆರಡು ವಾರ ಕಾಕಾ ಬಂದಿರಬೇಕು. ಹೊಸ ಕ್ಯಾಪ್ಟನ್ನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪರವೂ ಇಲ್ಲ, ವಿರೋಧವೂ ಇಲ್ಲ. ಆಕೆ ತೆರೆಗೆ ಬಂದಾಗ ಕಣ್ಣು ಮುಚ್ಚುತ್ತಿದ್ದರು ಎಂದು ಬರೆಯಬೇಕೆನಿಸುತ್ತದೆ. ಆದರೆ ಅದನ್ನು ನಾನು ಕಂಡಿಲ್ಲ. ನಾನು ತೆರೆಯನ್ನು ನೋಡುತ್ತಿದ್ದೆ. ನಂತರ ಬರುವುದು ನಿಲ್ಲಿಸಿದರು, ಕೆಲಸವನ್ನೂ ಬಿಟ್ಟರು. ಅಂಗಳದಲ್ಲಿ ಕೂತು ಗೇಟಿನ ಕಡೆ ನೋಡುವರು. ಮಾತಾಡಿಸಿದರೆ “ನಡದೈತಿಲ್ಲೋ ನಿಮ್ಮ ಹಡಗು?” ಎನ್ನುವರು. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಕಾಕು ಎಬ್ಬಿಸಲು ಹೋದಾಗ ಏಳಲಿಲ್ಲ. ಮಣ್ಣು ಮಾಡುವಾಗ ನಾವೆಲ್ಲ ಹೋಗಿದ್ದೆವು. ಅಂಗೈ ಮಡಚಿಯೇ ಇತ್ತು, ಗಾಯ ಮಾಯ್ದ ಮೇಲೂ ಅದು ಪೂರ್ತಿ ಬಿಚ್ಚಿಕೊಂಡಿರಲಿಲ್ಲ.

ಅದಾಗಿ ಕೆಲವು ದಿನಗಳ ಮೇಲೆ, ಮಧ್ಯಾಹ್ನ, ಒಬ್ಬ ಹೆಣ್ಣುಮಗಳು ಮಾಳಿಗೆಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಕಾಕು ತಂಗಿಯ ಊರಿಗೆ ಹೋಗಿದ್ದರು, ಕೆಳಗೆ ಕೀಲಿ ಹಾಕಿತ್ತು. ಅಮ್ಮಿನಬಾವಿಯಿಂದ ಬಂದಿದ್ದೇನೆ ಎಂದಳು. ಗೋದಾಮಿನಲ್ಲಿ ಸತ್ತವನ ಹೆಂಡತಿ ಎಂದು ಹೇಳಬೇಕಾಗಲಿಲ್ಲ. ಅಕ್ಕ ಕೆಲಸಕ್ಕೆ ಹೋಗಿದ್ದಳು. ನಾನೊಬ್ಬನೇ ಇದ್ದೆ. ಒಳಗೆ ಕರೆದರೂ ಆಕೆ ಬರಲಿಲ್ಲ.

“ಸಾಹೇಬ್ರು ತೀರಿಕೊಂಡ್ರಂತ ಈಗ ಗೊತ್ತಾತ್ರಿ,” ಎಂದಳು. “ಹೋದ ವರ್ಷ ನಮ್ಮೂರಿಗೆ ಬಂದಿದ್ರು. ಕಟ್ಟಿ ಮ್ಯಾಲ ಕುಂತ್ರು. ಮಗಳು ಸಾಲಿಗೆ ಹೊಕ್ಕಾಳೇನು ಅಂತ ಕೇಳಿದ್ರು. ಎದ್ದು ಗಾಡಿತನಾ ಹೋದ್ರು, ತಿರಗಿ ಬಂದು ಮತ್ತ ಕುಂತ್ರು. ಏನೋ ಹೇಳೂದಿತ್ರಿ ಅವರಿಗೆ. ಹೇಳ್ದನ ಹ್ವಾದ್ರು. ನಿಮ್ಮ ಮುಂದ ಏನರ ಅಂದಿದ್ರೇನ್ರಿ?”

“ನಾವು ಐತವಾರಕ್ಕೊಮ್ಮೆ ಕೂಡಿ ಸೀರಿಯಲ್ ನೋಡ್ತಿದ್ವಿರಿ,” ಎಂದೆ.

“ಅದನ್ನಲ್ರಿ ನಾ ಕೇಳಿದ್ದು.”

ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಹೊಗಿಗೆ ಎಚ್ಚರ ತಪ್ಪಿತ್ತಂತ, ಏನೂ ಗೊತ್ತಾಗ್ಲಿಲ್ಲಂತ ಹೇಳ್ಯಾರ್ರಿ. ಖರೇ ಅಲ್ರಿ?”

“ಪೇಪರಿನ್ಯಾಗ ಹಂಗ ಬಂದಿತ್ರಿ,” ಎಂದೆ.

ಆಕೆ, ಪೇಪರಿನದು ತನಗೂ ಗೊತ್ತಿದೆ ಎನ್ನುವಂತೆ ನಿಂತಿದ್ದಳು. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದಳು.

ಕಾಕಾ ಅಮ್ಮಿನಬಾವಿಗೆ ಹೋದದ್ದು ಆ ಭಾನುವಾರದ ಮೊದಲೋ ಆಮೇಲೋ, ಅದನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಮೊದಲೇ ಹೋಗಿದ್ದರೆ, ಹೇಳಲಾಗದೆ ಮರಳಿ ಬಂದು ನಮ್ಮನ್ನು ಕೇಳಿದರು ಎಂದಾಗುತ್ತದೆ. ಆಮೇಲೆ ಹೋಗಿದ್ದರೆ, ಬೆತ್ತದ ಕುರ್ಚಿಯ ತೀರ್ಪನ್ನು ಹೊತ್ತುಕೊಂಡೇ ಆ ಕಟ್ಟೆಯ ಮೇಲೆ ಕೂತಿದ್ದರು. ಅಥವಾ ಎರಡೂ ಅಲ್ಲ. ಕಾಕಾಗೆ ಅಲ್ಲಿ ಹೇಳುವುದೇನೂ ಇರಲಿಲ್ಲ, ನಮ್ಮನ್ನು ಕೇಳಿದ್ದು ಬರೀ ಹಡಗಿನ ಮಾತು. ಹಾಗೂ ಇರಬಹುದು. ಸುಟ್ಟ ಅಂಗೈ ನೋವಿಗೆ ಮಿಡಿದದ್ದನ್ನೇ ಬಡಿತವೆಂದು ತಿಳಿದಿದ್ದರೋ ಏನೋ...

ಈಗ ಕೆಳಗಿನ ಮನೆಯಲ್ಲಿ ಬೇರೆಯವರಿದ್ದಾರೆ. ಕಾಕು ತಂಗಿಯ ಊರಿನಲ್ಲೇ ಉಳಿದರು. ಧಾರಾವಾಹಿ ಮುಗಿದು ಹೋಯಿತಂತೆ, ಕೊನೆಯ ಕಂತುಗಳನ್ನು ನಾವು ನೋಡಲಿಲ್ಲ. ಆ ಹೆಣ್ಣುಮಗಳು ಅಮ್ಮಿನಬಾವಿಯಲ್ಲೇ ಇರಬೇಕು. ದೂರವೇನಲ್ಲ, ಬಸ್ಸಿಗೆ ಹೋದರೆ ಮಧ್ಯಾಹ್ನದ ಊಟಕ್ಕೆ ತಿರುಗಿ ಬರಬಹುದು. ಹೋಗಿ ಏನು ಹೇಳುವುದು? ಶಟರ್ ಇಳಿದಾಗ ಆಕೆಯ ಗಂಡ ಬದುಕಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.