ಖಂಡೇಪೂಜೆಗೆ ಮನೆಗೆ ಮರಳಿದ ಬಂದೂಕು

1977ರಲ್ಲಿ ನಾನು ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ವಯಸ್ಸು ಇಪ್ಪತ್ತೇಳು. ಕೇಂದ್ರದಲ್ಲಿ ಆರು ಹಾಸಿಗೆ, ಒಬ್ಬ ಕಂಪೌಂಡರ್, ಒಬ್ಬ ನರ್ಸ್. ಹುಬ್ಬಳ್ಳಿಗೆ ದಿನಕ್ಕೆ ಎರಡು ಬಸ್ಸು. ಎರೆಭೂಮಿ ಹಸಿಯಾದರೆ ಅವೂ ಇಲ್ಲ. ನೋಡಿದ ರೋಗಿಗಳನ್ನು ಪ್ರತಿ ಸಂಜೆ ದಿನಚರಿಯಲ್ಲಿ ಬರೆದಿಡುವ ರೂಢಿ ನನಗಿತ್ತು.

ಜುಲೈ ಮೊದಲ ವಾರ ಊರಿನ ಗೌಡರಾದ ಶಂಕರಗೌಡರನ್ನು ಅವರ ತಮ್ಮ ರುದ್ರಗೌಡ ಚಕ್ಕಡಿಯಲ್ಲಿ ಕರೆತಂದ. ಜೊತೆಗೆ ಗೌಡರ ಹೆಂಡತಿ ನೀಲವ್ವ ಇದ್ದರು.

"ಅಣ್ಣಾಗ ನಿದ್ದಿ ಬರವಲ್ದು, ಅಷ್ಟರಿ ಡಾಕ್ಟರ್. ಒಂದು ಇಂಜೆಕ್ಷನ್ ಹಾಕಿ ಕಳಸ್ರಿ" ಎಂದ ರುದ್ರಗೌಡ.

"ನಿದ್ದಿ ಅಷ್ಟ ಅಲ್ರಿ" ಎಂದರು ನೀಲವ್ವ. "ಮೊನ್ನೆ ಮುಂಜಾನೆ ಹಾಲಿನ ಫಕೀರಪ್ಪನ ಮ್ಯಾಲೆ ಬಂದೂಕ ಹಾರಿಸ್ಯಾರ. ಗ್ವಾಡಿಗೆ ಬಡೀತು, ಅಂವ ಉಳಕೊಂಡ."

"ವೈನಿ, ನೀವು ಸುಮ್ಮನಿರ್ರಿ" ಎಂದು ರುದ್ರಗೌಡ ಅತ್ತಿಗೆಯನ್ನು ತಡೆದ.

ಗೌಡರು ಕಿಟಕಿಯತ್ತ ಕಿವಿಗೊಟ್ಟು ಕುಳಿತಿದ್ದರು. "ಹೊರಗ ಕಟ್ಟಿ ಮ್ಯಾಲೆ ಕುಂತಾರಲ್ರಿ, ನನ್ನ ಮುಗಸೂ ಮಾತು ಆಡಾಕತ್ತಾರ. ನಿಮಗೂ ಕೇಳಸ್ತದಿಲ್ಲ?" ಎಂದರು. ಕಟ್ಟೆಯ ಮೇಲೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಇದು ಸ್ಕಿಜೋಫ್ರೀನಿಯ. ಇಲ್ಲದ ಧ್ವನಿಗಳು ಕೇಳಿಸುತ್ತವೆ, ಇಲ್ಲದ ವೈರಿಗಳು ಕಾಣುತ್ತಾರೆ. ಈ ಕಾಯಿಲೆಯವರಲ್ಲಿ ಬಹಳ ಜನ ಯಾರಿಗೂ ಕೇಡು ಮಾಡುವುದಿಲ್ಲ. ಆದರೆ ಗೌಡರ ಪಡಸಾಲೆಯಲ್ಲಿ ಲೈಸನ್ಸ್ ಇದ್ದ ಜೋಡುನಳಿಗೆಯ ಬಂದೂಕಿತ್ತು, ಅದು ಒಮ್ಮೆ ಹಾರಿಯೂ ಆಗಿತ್ತು. ಧಾರವಾಡಕ್ಕೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿ ಎಂದೆ. ಮಗಳ ಮದುವೆಯ ಮಾತು ನಡೆದಿದೆ, ಹುಚ್ಚರ ದವಾಖಾನೆ ಎಂಬ ಹೆಸರು ಕಿವಿಗೆ ಬಿದ್ದರೆ ಬೀಗರು ಹಿಂದೆ ಸರಿಯುತ್ತಾರೆ ಎಂದು ರುದ್ರಗೌಡ ಒಪ್ಪಲಿಲ್ಲ. ಕೊನೆಗೆ ನಾನೇ ಧಾರವಾಡದ ಮನೋವೈದ್ಯರೊಬ್ಬರನ್ನು ಕೇಳಿಕೊಂಡು ಕ್ಲೋರ್‌ಪ್ರೊಮಜೀನ್ ಗುಳಿಗೆ ಆರಂಭಿಸಿದೆ. ಒಂದೇ ಷರತ್ತು ಹಾಕಿದೆ: ಬಂದೂಕು ಪೊಲೀಸ್ ಠಾಣೆಯಲ್ಲಿರಬೇಕು. ರುದ್ರಗೌಡ ಅದನ್ನು ತಾನಾಗಿ ಠಾಣೆಗೆ ಒಪ್ಪಿಸಿ ರಸೀದಿ ಪಡೆದ.

ಹಾಗೆ ತಾವಾಗಿ ಒಪ್ಪಿಸಿದವರು ಕೇಳಿದ ದಿನ ಠಾಣೆಯವರು ಅದನ್ನು ಮರಳಿ ಕೊಡಬೇಕಾಗುತ್ತದೆ. ಹಾಗಾಗದಿರಲು ಲೈಸನ್ಸೇ ರದ್ದಾಗಬೇಕು. ಬುದ್ಧಿ ಸ್ತಿಮಿತದಲ್ಲಿ ಇಲ್ಲದವರ ಲೈಸನ್ಸ್ ರದ್ದುಮಾಡಲು ಕಾನೂನಿನಲ್ಲಿ ಅವಕಾಶವಿದೆ. ನಾನು ಗೌಡರ ಸ್ಥಿತಿಯನ್ನು ವಿವರಿಸಿ ಠಾಣೆಗೆ ಪತ್ರ ಬರೆದೆ. ಫೌಜದಾರರು, ಅಂದರೆ ಸಬ್ ಇನ್‌ಸ್ಪೆಕ್ಟರ್, ಓದಿ ನಕ್ಕರು.

"ಮ್ಯಾಲಿನ ಕಚೇರಿಗೆ ಕಳಸ್ತೀನ್ರಿ, ಕಳಸೂದು ನನ್ನ ಕೆಲಸ. ಆದ್ರ ಊರಾಗ ಗೌಡ್ರಿಗೆ ಹುಚ್ಚ ಅನ್ನಾಂವ ಯಾರ್ರಿ? ಹಂಗ ಅಂದಾಂವನ್ನ ಮೊದಲ ಹುಚ್ಚ ಮಾಡ್ತಾರ!"

ಆಗಸ್ಟಿನಲ್ಲಿ ತಾಲೂಕು ಕಚೇರಿಯಿಂದ ವಿಚಾರಣೆಗೆ ಒಬ್ಬರು ಬಂದರು. ಗೌಡರ ಪಡಸಾಲೆಯಲ್ಲೇ ಕುಳಿತು, ಗೌಡರ ಮನೆಯ ಚಹಾ ಕುಡಿದು, ಊರಿನ ಐವರು ಹಿರಿಯರ ಹೇಳಿಕೆ ಪಡೆದರು. ಐವರೂ ಗೌಡರು ಸ್ವಸ್ಥರಿದ್ದಾರೆ ಎಂದು ಸಹಿ ಹಾಕಿದರು. ಗುಳಿಗೆಯಿಂದ ಗೌಡರು ಆಗ ಸುಧಾರಿಸಿದ್ದೂ ನಿಜ. ಬಂದವರಿಗೆ ನಮಸ್ಕಾರ ಹೇಳಿ, ಮಳೆ-ಬೆಳೆಯ ಮಾತಾಡಿದ್ದರು. ಲೈಸನ್ಸ್ ಉಳಿಯಿತು. ಔಷಧ ಕೆಲಸ ಮಾಡಿದ್ದೇ ಔಷಧ ಬೇಡ ಎನ್ನುವುದಕ್ಕೆ ಸಾಕ್ಷಿಯಾಯಿತು.

ಅಕ್ಟೋಬರಿನಲ್ಲಿ ಮಹಾನವಮಿ ಬಂತು. ನಮ್ಮ ಕಡೆ ನವಮಿಯ ದಿನ ಖಂಡೇಪೂಜೆ. ಮನೆಯ ಕತ್ತಿ, ಕೊಡಲಿ, ಕುಡಗೋಲುಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಯಜಮಾನ ಪೂಜಿಸುತ್ತಾನೆ. ಆ ಮುಂಜಾನೆ ನೀಲವ್ವ ಒಬ್ಬರೇ ನನ್ನ ಕೇಂದ್ರಕ್ಕೆ ಬಂದರು.

"ಬಂದೂಕ ಮನಿಗೆ ಬಂದೈತ್ರಿ. ಪೂಜಿಗೆ ಕುಂತಾಗ ಇವರು ತೂಕಡಸ್ತಾರಂತ ಮೈದುನ ಗುಳಿಗಿನೂ ನಿಲ್ಲಿಸ್ಯಾನ. ವಾರ ಆತು. ಮತ್ತ ಕಿಟಕಿ ಕಡೆ ಕಿವಿ ಇಡಾಕತ್ತಾರ."

ನಾನು ಸೈಕಲ್ ಹತ್ತಿ ಠಾಣೆಗೆ ಹೋದೆ. "ಲೈಸನ್ಸ್ ಚಾಲ್ತಿ ಐತಿ, ರಸೀದಿ ತಂದು ಕೇಳ್ಯಾರ. ಯಾವ ಆಧಾರದ ಮ್ಯಾಲೆ ಇಟ್ಟಕೊಳ್ಳಲಿ, ನೀವ ಹೇಳ್ರಿ" ಎಂದರು ಫೌಜದಾರರು. ಅಲ್ಲಿಂದ ಗೌಡರ ಮನೆಗೆ ಹೋದೆ. ರುದ್ರಗೌಡ ಚೆಂಡುಹೂವಿನ ಮಾಲೆ ಕಟ್ಟಿಸುತ್ತಿದ್ದ.

"ಡಾಕ್ಟರ್, ನಾಳೆ ಬನ್ನಿ ಕೊಡಾಕ ಊರ ಮಂದಿ ಬರ್ತೈತಿ, ಬೀಗರೂ ಬರ್ತಾರ. ಪೂಜಿಯೊಳಗ ಬಂದೂಕ ಇಲ್ಲಂದ್ರ ಎಲ್ಲಿ ಹೋತು ಅಂತ ಕೇಳೂದಿಲ್ಲೇನ್ರಿ? ಹಬ್ಬ ಮುಗದ ಮರುದಿನ ನಾನ ಠಾಣೆಕ ಒಯ್ದು ಕೊಡ್ತೀನಿ."

"ತೋಟಾ ಎಲ್ಲಿವೆ?"

"ನನ್ನ ಸಂದೂಕದಾಗ ಅದಾವ. ತೋಟಾ ಇಲ್ಲದ ಬಂದೂಕ ಅಂದ್ರ ಒಂದು ಕಟಗಿ. ಅಷ್ಟ್ಯಾಕ ಅಂಜತೀರಿ?"

ಅವು ಸಂದೂಕಿನಲ್ಲಿ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆಯುಧವೆಂದ ಮೇಲೆ ತೋಟಾಗಳಿಗೂ ಪೂಜೆಯಾಗಬೇಕಲ್ಲ. ಹಬ್ಬ ಮುಗಿದ ಮರುದಿನ ಪೊಲೀಸರ ಪಂಚನಾಮೆಯ ವೇಳೆ, ಹಾರದೆ ಉಳಿದ ತೋಟಾಗಳ ಮೇಲೆ ನಾನೇ ಕುಂಕುಮದ ಬೊಟ್ಟು ನೋಡಿದೆ.

ವಿಜಯದಶಮಿಯ ಸಂಜೆ ಜನ ಬನ್ನಿ ಎಲೆ ಹಿಡಿದು, ಬಂಗಾರದಂಗ ಇರೂಣು ಎನ್ನುತ್ತ ಗೌಡರ ಅಂಗಳಕ್ಕೆ ಬಂದರು. ಶಂಕರಗೌಡರಿಗೆ ಕಂಡದ್ದು ತಮ್ಮನ್ನು ಮುಗಿಸಲು ಕೈ ಚಾಚಿ ಬರುತ್ತಿರುವ ಗುಂಪು. ಪೂಜೆಯ ಮಣೆಯಿಂದ ಬಂದೂಕು ಎತ್ತಿಕೊಂಡರು. ಎರಡು ಸಲ ತೋಟಾ ಬದಲಿಸಿ ಒಟ್ಟು ಆರು ಸಲ ಹಾರಿಸಿದರು. ನೀಲವ್ವ ಅಡ್ಡ ಬಂದು ನಿಂತಾಗ ಬಂದೂಕನ್ನು ಕೆಳಗಿಟ್ಟು, "ಈಗ ಸುಮ್ಮಾದ್ರು ನೋಡು" ಎಂದರಂತೆ.

ಟ್ರ್ಯಾಕ್ಟರಿನಲ್ಲಿ ಹತ್ತು ಜನರನ್ನು ನನ್ನ ಆರು ಹಾಸಿಗೆಗೆ ತಂದರು. ಶಾಲೆಯ ಮಾಸ್ತರರು, ಎದುರು ಮನೆಯ ಸೊಸೆ ದಾರಿಯಲ್ಲೇ ತೀರಿದ್ದರು. ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ಕೈಯಲ್ಲಿ ತೀರಿದಳು. ಅವಳ ಮುಷ್ಟಿ ಬಿಡಿಸಿ ಬನ್ನಿ ಎಲೆ ತೆಗೆದವಳು ನರ್ಸ್. ಉಳಿದ ಏಳು ಜನ ಹುಬ್ಬಳ್ಳಿಯಲ್ಲಿ ಬದುಕಿಕೊಂಡರು.

ಹದಿನೈದು ದಿನಕ್ಕೆ ರುದ್ರಗೌಡ ವಕೀಲರೊಂದಿಗೆ ಬಂದ. ಅಣ್ಣನಿಗೆ ಮೊದಲಿನಿಂದಲೂ ತಲೆ ಸರಿ ಇರಲಿಲ್ಲ ಎಂದು ಬರೆದುಕೊಡಬೇಕು, ಅದಿದ್ದರೆ ಗಲ್ಲು ತಪ್ಪುತ್ತದೆ. ಆಗಸ್ಟಿನಲ್ಲಿ ಸಹಿ ಹಾಕಿದ ಐವರೂ ಈಗ ಹಾಗೇ ಹೇಳಲು ತಯಾರಿದ್ದರು. ಕಾಯಿಲೆ ನಿಜವಾಗಿತ್ತು, ನಾನು ಬರೆದುಕೊಟ್ಟೆ. ಶಂಕರಗೌಡರು ಮೊದಲೇ ಹೋಗಬೇಕಿದ್ದ ಆಸ್ಪತ್ರೆಗೆ ಕೋರ್ಟಿನ ಹುಕುಮಿನ ಮೇಲೆ ಹೋದರು. ಮಾರನೆಯ ವರ್ಷ, ಸತ್ತವರ ಕಡೆಯವರಿಂದ ಜೀವಭಯವಿದೆ ಎಂದು ರುದ್ರಗೌಡ ತನ್ನ ಹೆಸರಿನಲ್ಲಿ ಲೈಸನ್ಸ್ ಕೇಳಿದ. ಸಿಕ್ಕಿತು.

ವರ್ಗಾವಣೆಯಾಗಿ ಹೊರಡುವ ದಿನ ನೀಲವ್ವ ಸಿಕ್ಕಿದ್ದರು. "ವಿಚಾರಣಿಗೆ ಬಂದಾಂವ ನನ್ನ ಕೈಲೆ ಚಹಾ ಇಸಕೊಂಡ್ರಿ. ಒಂದು ಮಾತು ಕೇಳಲಿಲ್ಲ" ಎಂದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಪಾಯದ ಮಾಹಿತಿ ಊರ ಹಿರಿಯರ ಬಳಿ ಇರುವುದಿಲ್ಲ, ರೋಗಿಯ ಜೊತೆ ಒಂದೇ ಸೂರಿನ ಕೆಳಗೆ ಮಲಗುವವರ ಬಳಿ ಇರುತ್ತದೆ. ಈಗ ಇಂಥ ರೋಗಿ ಬಂದರೆ ಮನೆಯ ಹೆಂಗಸರನ್ನು ಬೇರೆ ಕೂಡಿಸಿ, ಮನೆಯಲ್ಲಿ ಬಂದೂಕು ಇದೆಯೇ, ನಿಮಗೆ ಹೆದರಿಕೆ ಇದೆಯೇ ಎಂದು ಕೇಳುತ್ತೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಠಾಣೆಗೂ ತಾಲೂಕು ಕಚೇರಿಗೂ ಕಳಿಸುತ್ತೇನೆ. ಕಳೆದ ಎರಡು ವರ್ಷಗಳಲ್ಲಿ ಇಂಥ ನಾಲ್ಕು ಪತ್ರ ಕಳಿಸಿದ್ದೇನೆ. ಒಂದಕ್ಕೂ ಉತ್ತರ ಬಂದಿಲ್ಲ. ನಾಲ್ಕೂ ಬಂದೂಕುಗಳು ಆಯಾ ಮನೆಗಳಲ್ಲೇ ಇವೆ.