ಯಾರ್ಯಾರ ಕೈಗೆ ಸಿಗ್ತೈತಿ?

ಕುರುಗೋಡಿನಲ್ಲಿ ಆನ್‌ಲೈನ್ ಸೇವೆಯ ಸಣ್ಣ ಅಂಗಡಿ ನಡೆಸುತ್ತಿದ್ದ ಅಕ್ಕಾರು ಈಚೆಗೆ ತೀರಿಕೊಂಡರು. ಯಾರ ಫೋನಿಗೇ ಆಗಲಿ, ಬ್ಯಾಂಕಿನ ಆ್ಯಪ್ ಹಾಕುವ ಮೊದಲು ಅವರು ಕನ್ನಡಕವನ್ನು ತಲೆಯ ಮೇಲೆ ಸರಿಸಿ, "ಮನ್ಯಾಗ ಇದು ಯಾರ್ಯಾರ ಕೈಗೆ ಸಿಗ್ತೈತಿ?" ಎಂದು ಕೇಳುತ್ತಿದ್ದರು. ಎಂಥ ಬೀಗ ಎಂಬುದು ಆಮೇಲಿನ ಮಾತು. ಬಾದನಹಟ್ಟಿಯ ಕಣ್ಣು ಮಂಜಾದ ಅಜ್ಜನಿಗೆ ಬೆರಳಚ್ಚಿನ ಬೀಗ ಇಟ್ಟುಕೊಟ್ಟವರು, ನನ್ನ ತಂಗಿಗೆ ಅದನ್ನೇ ತೆಗೆಸಿದರು.

ತಂಗಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾಳೆ. ಅವತ್ತು ಅವರ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. ಅವಳ ಗಂಡ ಹೊರಗೆ ಬೈಕ್ ನಿಲ್ಲಿಸುತ್ತಿದ್ದಾಗ ಅಕ್ಕಾರು ಅದೇ ಪ್ರಶ್ನೆ ಕೇಳಿದರು.

"ನಾ ಮುಷ್ಟಿ ಕಟ್ಟಿ ಮಲಗಿದ್ರೂ ಇವ್ರು ನನ್ನ ಬೆಳ್ಳು ಬಿಡಿಸಿ ಒತ್ತಿ ಪಗಾರಾನ ತಮಗ ಹಾಕ್ಕೋತಾರ್ರಿ," ಎಂದಳು. ನನಗೂ ತಿಳಿದದ್ದು ಆಗಲೇ.

"ಫೋನಿಗೆ ಬೆಳ್ಳು ಇರ್ಲವ್ವ, ಇಲ್ಲಂದ್ರ ಜಗಳ ಆಗ್ತೈತಿ. ಬ್ಯಾಂಕಿನ ಆ್ಯಪಿಗಷ್ಟ ಗುಟ್ಟಿನ ನಂಬರ್ ಹಾಕು. ನನಗೂ ಹೇಳಬ್ಯಾಡ," ಎಂದು ಅಕ್ಕಾರು ಮುಖ ತಿರುಗಿಸಿ ಕುಳಿತರು.

ಗಂಡ ಒಳಗೆ ಬಂದ.

"ಜೀನ್ಸ್ ಹೊಲದು ಹೊಲದು ಇಕಿ ಬೆಳ್ಳು ಸವದಾವಪ್ಪ, ಬ್ಯಾಂಕಿನ ಆ್ಯಪು ಗುರ್ತ ಹಿಡೀವಲ್ದು. ಇನ್ಮ್ಯಾಗ ಅದನ್ನ ನನ್ನ ಅಂಗಡ್ಯಾಗನ ತೆರೀಬೇಕು. ಇಕಿನ್ನ ಕಳಸು," ಎಂದರು ಅಕ್ಕಾರು.

"ಇದೆಂಥಾ ತಾಪತ್ರಯ ತಂದಿಟ್ರಿ ಅಕ್ಕಾರ!" ಎಂದು ಅವನು ರೇಗಿದ.

"ಬೈಯೋದಿದ್ರ ನನ್ನ ಬೈಯಪ್ಪ, ಆಕಿನ್ನಲ್ಲ," ಎಂದು ನಕ್ಕರು. ನಾನು ಬೆರಗಾಗಿ ಅವರನ್ನೇ ನೋಡುತ್ತಿದ್ದೆ.

ಅವನು ನಂಬಿದ. ಮುಂದಿನ ಹಬ್ಬಕ್ಕೆ ಗಂಡಹೆಂಡತಿ ನಮ್ಮ ಮನೆಗೆ ಬಂದಿದ್ದರು. ಮಧ್ಯಾಹ್ನ ಅವನು ಪಡಸಾಲೆಯಲ್ಲಿ ಕುಳಿತು ಅವಳ ಫೋನು ನೋಡುತ್ತಿದ್ದ. ಪಕ್ಕದಲ್ಲೇ ತಂಗಿ ಎರಡೂ ಕೈ ಹರವಿ, ಬೆರಳು ಬಿಚ್ಚಿ, ಗಾಢ ನಿದ್ದೆಯಲ್ಲಿದ್ದಳು.