ಕೋಪರಿಯ ಮಾಳಿಗೆ ರೂಮು

ಬಾಲಮ್ಮನ ಗಂಡ ಹುಲಗಪ್ಪ ಮುಂಬಯಿ ಹತ್ತಿರದ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಲಾರಿಯ ಮೇಲಿಂದ ತಗಡಿನ ಕಟ್ಟು ಜಾರಿತು. ಕೆಳಗೆ ಅವನಿದ್ದ. ಅಷ್ಟೇ.

ಲಿಂಗಸೂಗೂರು ಕಡೆಯಿಂದ ಮದುವೆಯಾದ ವರ್ಷವೇ ಇಬ್ಬರೂ ಬಂದಿದ್ದರು. ಅವನು ಕಬ್ಬಿಣ ಹೊತ್ತ, ಅವಳು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತಳು. ಮಗಳು ಕಾಂಚನಾ ಇಲ್ಲೇ ಹುಟ್ಟಿದಳು. ಇದ್ದ ರೂಮು ಹಮಾಲರ ಮೇಸ್ತ್ರಿ ಮುಕಾದಮನದು. ಅವನ ಟೋಳಿಯಲ್ಲಿ ದುಡಿಯುವವರಿಗೆ ಮಾತ್ರ. ಹುಲಗಪ್ಪ ಹೋದ ಮೇಲೆ ಮುಕಾದಮ ಕೆಟ್ಟ ಮಾತಾಡಲಿಲ್ಲ. ಸಂಕ್ರಾಂತಿ ಆದ ವಾರದಲ್ಲಿ ಹೊಸ ಜನ ಬರುತ್ತಾರೆ, ಅಷ್ಟರೊಳಗೆ ಎಲ್ಲಾದರೂ ನೋಡಿಕೋ ತಂಗಿ ಎಂದ. ಹೇಳುವಾಗ ನೆಲ ನೋಡುತ್ತಿದ್ದ.

ಊರಿನಿಂದ ಮೈದುನ ಫೋನು ಮಾಡಿದ. ಇಬ್ಬರೂ ಬಂದುಬಿಡಿ, ಹುಡುಗಿಗೆ ಗಂಡು ನೋಡಿದ್ದೇನೆ, ಅವರಿಗೆ ಟ್ರ್ಯಾಕ್ಟರ್ ಇದೆ ಎಂದ. ಕಾಂಚನಾ ಒಂಬತ್ತನೆಯ ಕ್ಲಾಸಿನಲ್ಲಿದ್ದಳು. ಬಾಲಮ್ಮ ಎರಡನೆಯದಕ್ಕೇ ಬಿಟ್ಟವಳು. ರೂಮು ಸಿಕ್ಕರೆ ಮಗಳು ಓದುತ್ತಾಳೆ, ಸಿಗದಿದ್ದರೆ ಟ್ರ್ಯಾಕ್ಟರಿನವರ ಮನೆ ಸೇರುತ್ತಾಳೆ. ಲೆಕ್ಕ ಇಷ್ಟೇ ಇತ್ತು. ತಿಳಿಯಲು ಓದು ಬೇಕಿರಲಿಲ್ಲ.

ಕೆಲಸ ಸಿಕ್ಕಿತ್ತು. ಠಾಣೆ ರೈಲು ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯಲ್ಲಿ, ಉಡುಪಿ ಕಡೆಯ ಪುಷ್ಪಾವತಿ ಎಂಬವರ ಖಾನಾವಳಿ. ಆಫೀಸಿನವರಿಗೆ ಡಬ್ಬಿ ಕಟ್ಟುತ್ತಿದ್ದರು. ಈಗೀಗ ಎಲ್ಲರೂ ಜೋಳದ ರೊಟ್ಟಿ ಕೇಳುತ್ತಾರೆ, ಡಾಕ್ಟರು ಹೇಳಿದ್ದಾರಂತೆ. ಪುಷ್ಪಾವತಿಗೆ ರೊಟ್ಟಿ ಬಡಿಯಲು ಬರುವುದಿಲ್ಲ.

"ಕತ್ತಲೆ ಇರುವಾಗಲೇ ಬರಬೇಕು ಮಾರಾಯ್ತಿ. ಎಂಟು ಗಂಟೆಗೆ ಡಬ್ಬಿ ಹೋಗ್ತದೆ. ಕಳಂಬೋಲಿಯಿಂದ ನೀನು ಬಂದು ಮುಟ್ಟುವಾಗ ಅವರು ಊಟ ಮಾಡಿ ಕೈ ತೊಳೆದಾಗಿರ್ತದೆ," ಎಂದರು ಪುಷ್ಪಾವತಿ.

ಹಾಗಾಗಿ ರೂಮು ಸ್ಟೇಷನ್ನಿನ ಸುತ್ತಲೇ ಬೇಕಾಯಿತು. ಸ್ಟೇಷನ್ನಿನ ಸುತ್ತ ಬಡವರಿಗೆ ಎಟುಕುವ ರೂಮು ಎಂದರೆ ಹಲ್ಲಿಲ್ಲದವರಿಗೆ ಕಡಲೆ. ಆದರೂ ತಿರುಗಿದಳು. ಪಕ್ಕದ ಕಳವಾ ಸ್ಟೇಷನ್ನಿನ ಗುಡ್ಡದ ಮೇಲೆ ಒಂದು ರೂಮು ಕೈಗೆ ಬರುವಂತಿತ್ತು. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ, ಪಕ್ಕದಲ್ಲಿ ಕುಡುಕರ ಅಡ್ಡೆ. ಬೆಳೆದ ಮಗಳನ್ನು ಅಲ್ಲಿ ಒಂಟಿ ಬಿಟ್ಟು ಕತ್ತಲಲ್ಲಿ ಕೆಲಸಕ್ಕೆ ಹೋಗುವುದು ಹೇಗೆ? ಕೋಪರಿಯಲ್ಲಿ ಒಬ್ಬರು ಮಾಂಸ ತಿನ್ನುತ್ತೀರಾ ಎಂದು ಕೇಳಿ ಬಾಗಿಲು ಹಾಕಿದರು. ಇನ್ನೊಂದು ಮನೆಯಲ್ಲಿ ಎಲ್ಲ ಕುದುರಿತ್ತು, ನೀರು ತುಂಬುವ ಹೊತ್ತನ್ನೂ ಹೇಳಿದ್ದರು. ಕೊನೆಗೆ, ಮಿಸ್ಟರ್ ಏನು ಮಾಡುತ್ತಾರೆ ಎಂದರು. ಹೋಗಿಬಿಟ್ಟರು ಎಂದಳು. ಎಲ್ಲಿಗೆ ಎಂದರು. ಬಾಲಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅವರಿಗೆ ಅರ್ಥವಾಯಿತು. ರೂಮಿನಲ್ಲಿ ತಮ್ಮ ಅಳಿಯನೇ ಇರಲು ಬರುತ್ತಾನೆ ಎಂಬುದು ಅವರಿಗೆ ಆಗಲೇ ನೆನಪಾಯಿತು.

ರೂಮು ತೋರಿಸುತ್ತಿದ್ದವನು ಸಂಗಮೇಶ, ವಿಜಯಪುರದವನು. ಹಗಲು ರಿಕ್ಷಾ, ನಡುನಡುವೆ ದಲಾಲಿ. ಆ ಮನೆಯ ಮೆಟ್ಟಿಲು ಇಳಿಯುವಾಗ ಅವನು ನೇರವಾಗಿ ಹೇಳಿದ.

"ಅಕ್ಕಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಹಣೀ ಖಾಲಿ ಐತಿ, ರೂಮ್ ಸಿಗಂಗಿಲ್ಲ. ಒಂದು ಟಿಕಳಿ ಹಚ್ಚಿರಿ, ಕರಿಮಣಿ ಹಾಕ್ಕೋರಿ. ಗಂಡ ನಾಸಿಕ್ ಕಡೆ ಲೋಡಿಂಗ್‌ಗೆ ಹೋಗ್ಯಾನಂತ ನಾ ಹೇಳ್ತೀನಿ. ಅಗ್ರಿಮೆಂಟು ನಿಮ್ಮ ಹೆಸರಿಲೇನ ಆಗ್ತೈತಿ. ಆಮ್ಯಾಲ ಯಾರು ಕೇಳ್ತಾರ?"

ಬಾಲಮ್ಮ ಅವನನ್ನು ಅಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದಳು. ಮೂರು ದಿನ ಅವನ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ಮೈದುನ ಮತ್ತೆ ಫೋನು ಮಾಡಿ, ಗಂಡಿನ ಕಡೆಯವರು ಅವಸರ ಮಾಡುತ್ತಿದ್ದಾರೆ ಎಂದ. ಅವತ್ತು ಸಂಗಮೇಶನಿಗೆ ಹೂಂ ಅಂದಳು.

ಸ್ಟೇಷನ್ನಿನ ಸೇತುವೆ ಮೇಲೆ ಟಿಕಳಿಯ ಚೀಟಿ, ಒಂದೆಳೆ ಕರಿಮಣಿ ಕೊಂಡಳು. ಕಾಂಚನಾ ನೋಡುತ್ತ ನಿಂತಿದ್ದಳು. ಹಣೆಗೆ ಅಂಟಿಸಿಕೊಳ್ಳುವಾಗ ಟಿಕಳಿ ಓರೆಯಾಯಿತು. ಕಾಂಚನಾ ಸರಿಮಾಡಲಿಲ್ಲ. "ಅಪ್ಪಾಗ ಗೊತ್ತಾದ್ರ?" ಎಂದಳು. ಗೊತ್ತಾಗಲು ಅಪ್ಪ ಎಲ್ಲಿದ್ದಾನೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮನೆಯೊಡತಿ ವಿನೋದಾಬಾಯಿ. ಸೊಲ್ಲಾಪುರದವರು, ಮನೆಯಲ್ಲಿ ಮರಾಠಿ, ಆದರೆ ಕನ್ನಡ ಬಾಲಮ್ಮನ ಕಡೆಯವರ ಹಾಗೇ ಆಡುತ್ತಿದ್ದರು. ಹಳೆಯ ಮನೆ. ಕೆಳಗೆ ಅವರು, ಹಿಂದೆ ಎರಡು ಬಿಡಾರ, ಮಾಳಿಗೆಯ ಮೇಲೆ ಒಂದು ರೂಮು. ರೂಮು ಸಣ್ಣದು, ತಗಡಿನ ಸೂರು. ಮೂಲೆಯಲ್ಲಿ ನಲ್ಲಿ, ಗಟ್ಟಿ ಬಾಗಿಲು, ಒಳಗಿನಿಂದ ಎರಡು ಚಿಲಕ. ಬಾಲಮ್ಮ ಎರಡನ್ನೂ ಹಾಕಿ ತೆಗೆದು ನೋಡಿದಳು. ಕಿಟಕಿಯಿಂದ ಪುಷ್ಪಾವತಿಯ ಖಾನಾವಳಿಯ ಹೊಗೆ ಕಾಣುತ್ತಿತ್ತು. ಬಾಡಿಗೆ ಅವಳ ಸಂಬಳದೊಳಗೆ ಕೂಡುತ್ತಿತ್ತು. ವಿನೋದಾಬಾಯಿ ಗಂಡನ ಬಗ್ಗೆ ಕೇಳಿದರು. ಸಂಗಮೇಶ ನಾಸಿಕ್ ಎಂದ. ಅವರು ತಲೆಯಾಡಿಸಿದರು. ಮಾತು ಮುಗಿದಂತೆಯೇ.

ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಮರಾಠಿ ಮನೆಗಳಲ್ಲಿ ಹಳದಿ-ಕುಂಕು ನಡೆಯುತ್ತದೆ. ಮುತ್ತೈದೆಯರನ್ನು ಕರೆದು ಅರಿಶಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಕೈಯಲ್ಲಿ ಒಂದು ಬಟ್ಟಲನ್ನೋ ಡಬ್ಬಿಯನ್ನೋ ಇಟ್ಟು ಕಳಿಸುತ್ತಾರೆ. ಕಳಂಬೋಲಿಯ ಹಮಾಲರ ಸಾಲಿನಲ್ಲಿ ಇದ್ದವರೆಲ್ಲ ತಮ್ಮ ಕಡೆಯವರೇ. ಬಾಲಮ್ಮನನ್ನು ಇದಕ್ಕೆ ಯಾರೂ ಯಾವತ್ತೂ ಕರೆದಿರಲಿಲ್ಲ. ಟಿಕಳಿ ಅಂಟಿಸಿಕೊಂಡು ಬಂದಳು, ದಿನ ಯಾವುದೆಂದು ನೋಡದೆ ಬಂದಳು.

ಮಾಳಿಗೆ ಇಳಿದು ಬಂದರೆ ಪಡಸಾಲೆ ತುಂಬ ಹೆಂಗಸರು. ವಿನೋದಾಬಾಯಿ ಅವಳ ತೋಳು ಹಿಡಿದರು.

"ಎಲ್ಲಿಗಿ ಹೊಂಟಿ? ಹೊಸಾ ಬಿಡಾರದಾಕಿ ನೀ. ಕುಂಕುಮ ಇಲ್ದ ಹ್ಯಾಂಗ ಕಳಸ್ಲಿ? ಕೂಡು."

ಸಂಗಮೇಶ ಬಾಗಿಲಲ್ಲಿ ನಿಂತು, ಕೂಡಿರಿ ಅಕ್ಕಾರ ಎಂದು ಕಣ್ಣಿನಲ್ಲೇ ಹೇಳಿದ. ಬಾಲಮ್ಮ ಕುಳಿತಳು. ತಟ್ಟೆ ಬಂತು. ಪಕ್ಕದವಳಿಗೆ ಹಚ್ಚಿದರು, ಅವಳು ಕಣ್ಣು ಮುಚ್ಚಿ ಗಂಡನ ಹೆಸರು ಹೇಳಿದಳು. ಉಳಿದವರು ನಕ್ಕರು. ಬೆರಳು ಬಾಲಮ್ಮನ ಹಣೆಯ ಹತ್ತಿರ ಬಂತು. ಅವಳ ಕೈ ತಾನೇ ಎದ್ದು ಆ ಬೆರಳನ್ನು ತಡೆಯಿತು.

"ಬ್ಯಾಡ್ರಿ ಬಾಯಾರ. ನನ್ನ ಗಂಡ ಸತ್ತಾನ."

ಹೋದ ಎಂದಿದ್ದಳು, ಇಲ್ಲ ಎಂದಿದ್ದಳು. ಸತ್ತ ಎನ್ನುವ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸಂಗಮೇಶ ಚಪ್ಪಲಿ ಹುಡುಕತೊಡಗಿದ.

ವಿನೋದಾಬಾಯಿ ತಟ್ಟೆ ಕೆಳಗಿಟ್ಟರು. "ರೂಮಿಗಂತ ಸುಳ್ಳ ಹೇಳ್ದಾಕಿ, ಕುಂಕುಮಕ್ಕ ಯಾಕ ಖರೇ ಹೇಳ್ದಿ?"

"ಇದು ಗಂಡನ ಆಯುಷ್ಯ ಬೇಡಿ ಹಚ್ಚೂದಲ್ಲೇನ್ರಿ? ಸತ್ತವನಿಗೆ ಆಯುಷ್ಯ ಬೇಡೂದು ನನ್ನ ಕೈಲೆ ಆಗೂದಿಲ್ಲ."

ಇಷ್ಟು ಹೇಳಿ ಎದ್ದಳು. ಹಣೆಯ ಟಿಕಳಿ ಕಿತ್ತು ಎಲ್ಲಿ ಹಾಕಬೇಕೋ ತಿಳಿಯದೆ ಸೆರಗಿನ ಅಂಚಿಗೆ ಅಂಟಿಸಿಕೊಂಡಳು. ವಿನೋದಾಬಾಯಿ ಕಾಂಚನಾಳನ್ನು ಕರೆದು, ನೀನಾದರೂ ಹಚ್ಚಿಸಿಕೋ, ಕನ್ಯೆಯಾದವಳು ಬೇಡವೆನ್ನಬಾರದು ಎಂದರು. ಅವ್ವನಿಗಿಲ್ಲದ್ದು ತನಗೂ ಬೇಡ ಎಂದು ಕಾಂಚನಾ ಮರಾಠಿಯಲ್ಲೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. ಬಾಲಮ್ಮ ಮಗಳ ರಟ್ಟೆ ಚಿವುಟಿದಳು. ಆದರೆ ಮಾತು ಆಗಿಹೋಗಿತ್ತು.

ಹಿಂದಿನ ಬಿಡಾರದ ಹೆಂಗಸು ಗೊಣಗಿದಳು. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಇವಳ ಮುಖ ನೋಡಬೇಕಾ, ತನ್ನ ಗಂಡನಿಗೆ ಮೊದಲೇ ಶುಗರ್ ಇದೆ ಎಂದಳು. ವಿನೋದಾಬಾಯಿ ಅವಳ ಕಡೆ ತಿರುಗಿದರು. ಇವಳು ಕತ್ತಲಲ್ಲೇ ಕೆಲಸಕ್ಕೆ ಹೋಗುವವಳು, ಇವಳ ಮುಖ ನೋಡಬೇಕೆಂದರೆ ನೀನು ಬೇಗ ಏಳಬೇಕು, ಅದು ನಿನ್ನಿಂದ ಆಗುವುದಿಲ್ಲ, ಹೆದರಬೇಡ ಎಂದರು. ಯಾರೋ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡರು.

ಆಮೇಲೆ ವಿನೋದಾಬಾಯಿ ಬಾಲಮ್ಮನನ್ನು ಬಾಗಿಲ ಹೊರಗೆ ಕರೆದರು. ಮುಖ ಸಡಿಲವಾಗಿರಲಿಲ್ಲ.

"ರೂಮ್ ಕೊಡ್ತೀನಿ. ರಥಸಪ್ತಮಿ ತನಕ ನನ್ನ ಪಡಸಾಲಿಗೆ ಬರಬ್ಯಾಡ. ಜನ ಬರತಾರ. ಆಮ್ಯಾಲ ಬಾ."

ಬಾಲಮ್ಮನಿಗೆ ಸಿಟ್ಟು ಬಂತು. ಗಂಡ ಸತ್ತದ್ದು ತನ್ನ ತಪ್ಪಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ರೂಮು ಬೇಕಿತ್ತು. ಹೂಂ ಅಂದಳು. ವಿನೋದಾಬಾಯಿ ಸಂಗಮೇಶನ ಕಡೆ ನೋಡಿ, ನಾಸಿಕ್‌ನವನೇ, ಇನ್ನು ನನ್ನ ಮನೆಗೆ ಬಾಡಿಗೆಯವರನ್ನು ತರಬೇಡ ಎಂದರು.

ಬಾಲಮ್ಮ ಮೈದುನನಿಗೆ ತಾನೇ ಫೋನು ಮಾಡಿ, ಹುಡುಗಿ ಬರುವುದಿಲ್ಲ ಎಂದಳು. ಅವನು ಬೈದ. ಪೂರ್ತಿ ಬೈಯಲು ಬಿಟ್ಟು ಆಮೇಲೆ ಇಟ್ಟಳು.

ಭಾನುವಾರ ಟೋಳಿಯವರು ಟೆಂಪೋದಲ್ಲಿ ಸಾಮಾನು ತಂದು ಮಾಳಿಗೆಗೆ ಏರಿಸಿದರು. ಹುಲಗಪ್ಪನ ಜೊತೆ ಕಬ್ಬಿಣ ಹೊತ್ತ ಜನ. ಅವರಿಗೆ ಈ ಟ್ರಂಕು, ಈ ಪಾತ್ರೆ ಭಾರವೇ ಅಲ್ಲ. ಚಹಾ ಕುಡಿದು ಹೊರಟುಹೋದರು. ಕಾಂಚನಾ ನೀರು ಹಿಡಿಯಲು ಕುಳಿತಳು.

ಬಾಲಮ್ಮ ಬಾಗಿಲ ಹತ್ತಿರ ನಿಂತಳು. ಬಾಗಿಲು ಗಿಡ್ಡ. ಹುಲಗಪ್ಪ ಎತ್ತರದ ಆಳು, ಇದ್ದಿದ್ದರೆ ದಿನಾ ಹಣೆ ಬಡಿಸಿಕೊಳ್ಳುತ್ತಿದ್ದ, ದಿನಾ ಮನೆಯೊಡತಿಯನ್ನು ಬೈಯುತ್ತಿದ್ದ. ಗೋಡೆ ನೋಡಿದಳು, ನೆಲ ನೋಡಿದಳು. ಅವನು ಒರಗಿದ ಗೋಡೆಯಲ್ಲ, ಅವನು ಮಲಗಿದ ನೆಲವಲ್ಲ. ಈ ರೂಮಿಗೆ ಅವನ ಗುರುತೇ ಇಲ್ಲ.

ಬಾಗಿಲು ಮುಂದೆ ಮಾಡಿ ಎರಡೂ ಚಿಲಕ ಹಾಕಿದಳು. ಆಮೇಲೆ ಅತ್ತಳು. ಕಾಂಚನಾ ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು.